ಗೋಧಿ ಬಿಡುವ ಮೊದಲು: ಗ್ಲುಟೆನ್ ವಿಷಯದಲ್ಲಿ ಯಾವುದು ನಿಜ, ಯಾವುದು ಬರೀ ಗದ್ದಲ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಸಿರ್ಸಿ, ಸಿದ್ದಾಪುರದವರೆಗೆ, ಈಗ ಒಂದೇ ಮನೆಯಲ್ಲಿ ಎರಡು ಮಾತು ಕೇಳುತ್ತದೆ. ಅಪ್ಪನಿಗೆ ಶುಗರ್ ಅಂತ ಡಾಕ್ಟರು ರಾತ್ರಿ ಅನ್ನ ಬಿಡಿಸಿ ಚಪಾತಿಗೆ ಹಚ್ಚಿದ್ದಾರೆ. ಬೆಂಗಳೂರಿಂದ ರಜೆಗೆ ಬಂದ ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿ, ಗೋಧಿಯೇ ಎಲ್ಲ ರೋಗಕ್ಕೂ ಮೂಲ, ಅದರಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ಬಿಟ್ಟುಬಿಡಿ ಅನ್ನುತ್ತಾಳೆ. ಅಡುಗೆ ಮಾಡುವವರಿಗೆ ತಲೆಬಿಸಿ. ಅಂಗಡಿಗೆ ಹೋದರೆ ಅಕ್ಕಿ ಹಿಟ್ಟಿನ ಪ್ಯಾಕೆಟ್ ಮೇಲೂ ‘ಗ್ಲುಟೆನ್ ಫ್ರೀ’ ಅಂತ ದೊಡ್ಡ ಅಕ್ಷರ, ರೇಟು ಗಿರಣಿಯಲ್ಲಿ ಬೀಸಿಸಿದ ಹಿಟ್ಟಿಗಿಂತ ಎಷ್ಟೋ ಜಾಸ್ತಿ. ಅಕ್ಕಿಯಲ್ಲಿ ಗ್ಲುಟೆನ್ ಯಾವತ್ತೂ ಇರಲೇ ಇಲ್ಲ. ಅದನ್ನು ಬರೆಯಲು ದುಡ್ಡು ಯಾಕೆ ಕೊಡಬೇಕು?

ನನಗೆ ಈ ವಿಷಯ ಹತ್ತಿರದ್ದು, ಯಾಕೆಂದರೆ ನನ್ನ ಅಕ್ಕನ ಮಗಳಿಗೆ ಸೀಲಿಯಾಕ್ ಅನ್ನುವ ಕರುಳಿನ ಕಾಯಿಲೆ ಇದೆ. ಅವಳಿಗೆ ಗ್ಲುಟೆನ್ ಬಿಡುವುದೇ ಔಷಧಿ, ಬೇರೆ ಔಷಧಿ ಇಲ್ಲ. ಊರಲ್ಲೆಲ್ಲ ಇದು ಫ್ಯಾಷನ್ ಆದ ಮೇಲೆ ಅವಳ ಕಷ್ಟ ಹೆಚ್ಚಾಗಿದೆ. ಮದುವೆ ಮನೆಯಲ್ಲಿ ಬೇಡ ಅಂದರೆ, ‘ನಮ್ಮ ಸೊಸೆಯೂ ಗ್ಲುಟೆನ್ ಬಿಟ್ಟಿದ್ದಾಳೆ, ಆದರೂ ಒಂದು ಹೋಳಿಗೆ ತಿಂತಾಳಪ್ಪ, ಏನಾಗಲ್ಲ’ ಅಂತ ಬಾಳೆಗೆ ಹಾಕಿಯೇ ಬಿಡುತ್ತಾರೆ. ಒಂದು ಕಡೆ ಬಿಡುವ ಅಗತ್ಯವೇ ಇಲ್ಲದ ಸಾವಿರಾರು ಜನ ಬಿಡುತ್ತಿದ್ದಾರೆ, ಇನ್ನೊಂದು ಕಡೆ ನಿಜವಾಗಿ ಬಿಡಬೇಕಾದವರಿಗೆ ತಮಗೆ ಈ ಕಾಯಿಲೆ ಇದೆ ಅನ್ನುವುದೇ ಗೊತ್ತಿಲ್ಲ, ಗೊತ್ತಿದ್ದವರ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಇದು ನನಗೆ ಸಹಿಸಲು ಆಗುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇದೊಂದನ್ನಾದರೂ ನೆನಪಿಟ್ಟುಕೊಳ್ಳಿ: ಸೀಲಿಯಾಕ್ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸುವ ಮೊದಲು ಗೋಧಿ ಬಿಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗ್ಲುಟೆನ್ ಅನ್ನು ಕಣ್ಣಾರೆ ನೋಡಿ

ಮೈದಾ ಅಥವಾ ಚಪಾತಿ ಹಿಟ್ಟು ಕಲಸಿ, ನಿಂಬೆಹಣ್ಣಿನಷ್ಟು ಉಂಡೆ ತೆಗೆದುಕೊಂಡು ಅರ್ಧ ಗಂಟೆ ಮುಚ್ಚಿಡಿ. ಆಮೇಲೆ ಒಂದು ಪಾತ್ರೆ ನೀರಲ್ಲಿ ಮುಳುಗಿಸಿ ಮೆಲ್ಲಗೆ ಹಿಚುಕುತ್ತಾ ತೊಳೆಯಿರಿ. ನೀರು ಬೆಳ್ಳಗಾಗುತ್ತದೆ, ಅದು ಪಿಷ್ಟ. ನೀರು ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ತೊಳೆಯಿರಿ. ನೀರು ತಿಳಿಯಾಗುವ ಹೊತ್ತಿಗೆ ಕೈಯಲ್ಲಿ ಬೂದು ಬಣ್ಣದ, ಅಂಟಂಟಾದ, ಎಳೆದರೆ ಉದ್ದಕ್ಕೆ ಬರುವ ಸಣ್ಣ ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ಗೋಧಿಯ ಪ್ರೋಟೀನು ಅಷ್ಟೇ, ವಿಷವೂ ಅಲ್ಲ, ಕೆಮಿಕಲ್ಲೂ ಅಲ್ಲ. ಚಪಾತಿ ಹರಿಯದೆ ತೆಳ್ಳಗೆ ಲಟ್ಟಿಸಲು ಬರುವುದು, ಪಾವ್ ಉಬ್ಬುವುದು ಇದರಿಂದಲೇ. ಅಕ್ಕಿ ಹಿಟ್ಟಿನ ಉಂಡೆಯನ್ನು ಹೀಗೆ ತೊಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಎಲ್ಲ ನೀರಿಗೆ ಹೋಗುತ್ತದೆ. ಅದಕ್ಕೇ ಅಕ್ಕಿ ರೊಟ್ಟಿಗೆ ಹಿಟ್ಟನ್ನು ಬಿಸಿನೀರಲ್ಲಿ ಉಕ್ಕರಿಸಿಕೊಳ್ಳಬೇಕು, ಇಲ್ಲದಿದ್ದರೆ ತಟ್ಟುವಾಗಲೇ ಒಡೆಯುತ್ತದೆ.

ಗೋಧಿ, ಬಾರ್ಲಿ, ರೈ (ಗೋಧಿಯಂಥ ಒಂದು ಧಾನ್ಯ, ಸಾಸಿವೆಯಲ್ಲ), ಈ ಮೂರರಲ್ಲಿ ಗ್ಲುಟೆನ್ ಇದೆ. ಅಂದರೆ ಮೈದಾ, ಗೋಧಿ ನುಚ್ಚು, ಚಿರೋಟಿ ರವೆ, ಉಪ್ಪಿಟ್ಟಿನ ರವೆ, ಅಂಗಡಿಯ ಶಾವಿಗೆ, ಬ್ರೆಡ್ಡು, ಬನ್ಸು, ಬಿಯರು ಎಲ್ಲದರಲ್ಲೂ ಇದೆ. ಅಕ್ಕಿ, ರಾಗಿ, ಜೋಳ, ನವಣೆ, ಸಾಮೆ, ಬೇಳೆಕಾಳು, ಸಾಬಕ್ಕಿ, ತೆಂಗು, ಹಲಸು, ಮೀನು, ಮಜ್ಜಿಗೆ ಇವುಗಳಲ್ಲಿ ಇಲ್ಲ. ರವೆ ಅನ್ನುವ ಹೆಸರು ನೋಡಿ ಮೋಸ ಹೋಗಬೇಡಿ. ಇಡ್ಲಿ ರವೆ ಅಕ್ಕಿಯದು, ಉಪ್ಪಿಟ್ಟು, ಶಿರಾ, ರವೆ ಇಡ್ಲಿಗೆ ಬಳಸುವುದು ಗೋಧಿಯದು.

ಈ ಪಟ್ಟಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಬೆಳಿಗ್ಗೆ ತೆಳ್ಳೇವು (ತೆಳ್ಳಗಿನ ಅಕ್ಕಿ ದೋಸೆ) ಅಥವಾ ಕುಚ್ಚಲಕ್ಕಿ ಗಂಜಿ, ಮಧ್ಯಾಹ್ನ ಅನ್ನ, ಮೀನು ಸಾರು ಅಥವಾ ತಂಬುಳಿ, ಮಳೆಗಾಲದಲ್ಲಿ ಪತ್ರೊಡೆ, ಹಲಸಿನ ಕಡುಬು, ಆಲೆಮನೆ ದಿನಗಳಲ್ಲಿ ತೊಡದೇವು. ನಮ್ಮ ಜಿಲ್ಲೆಯ ಹಳೆಯ ಊಟ ಹೆಚ್ಚುಕಮ್ಮಿ ಪೂರ್ತಿ ಗ್ಲುಟೆನ್ ಇಲ್ಲದ್ದೇ. ಹಾಗಿದ್ದೂ ನಮ್ಮಲ್ಲಿ ಶುಗರ್ ಇದೆ, ಬಿಪಿ ಇದೆ, ಬೊಜ್ಜು ಇದೆ, ಹೃದಯದ ಕಾಯಿಲೆ ಇದೆ. ಗ್ಲುಟೆನ್ ಒಂದನ್ನು ಬಿಟ್ಟರೆ ಇವೆಲ್ಲ ಹೋಗುತ್ತವೆ ಅನ್ನುವವರು ಗಂಜಿ ಉಂಡು ಬೆಳೆದ ನಮ್ಮ ಅಜ್ಜ, ಅಜ್ಜಿಯರ ಶುಗರ್ ರಿಪೋರ್ಟ್ ಒಮ್ಮೆ ನೋಡಬೇಕು.

ಯಾರು ನಿಜವಾಗಿ ಬಿಡಬೇಕು

ಮೊದಲನೆಯದಾಗಿ ಸೀಲಿಯಾಕ್ ಇದ್ದವರು. ಇದು ಅಲರ್ಜಿ ಅಲ್ಲ. ಗ್ಲುಟೆನ್ ಹೊಟ್ಟೆಗೆ ಹೋದಾಗ ಇವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಸಣ್ಣ ಎಳೆಗಳಿವೆ. ಊಟದ ಸತ್ವ ಹೀರುವುದು ಅವೇ. ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ.

ಗೋಧಿಗೂ ಇದಕ್ಕೂ ಇರುವ ಸಂಬಂಧ ಪತ್ತೆಯಾದದ್ದು ನೆದರ್ಲೆಂಡ್ಸಿನಲ್ಲಿ. ವಿಲ್ಲೆಮ್ ಡಿಕೆ ಅನ್ನುವ ಮಕ್ಕಳ ಡಾಕ್ಟರು ಎರಡನೇ ಮಹಾಯುದ್ಧಕ್ಕೂ ಮೊದಲೇ ಗೋಧಿಯ ಮೇಲೆ ಅನುಮಾನ ಇಟ್ಟುಕೊಂಡಿದ್ದರು. 1944-45ರ ಚಳಿಗಾಲದಲ್ಲಿ ಅಲ್ಲಿ ಘೋರ ಬರಗಾಲ, ಬ್ರೆಡ್ಡೇ ಸಿಗುತ್ತಿರಲಿಲ್ಲ. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡವು. ಬ್ರೆಡ್ಡು ವಾಪಸ್ ಬಂದಾಗ ಕಾಯಿಲೆಯೂ ವಾಪಸ್ ಬಂತು. 1950ರಲ್ಲಿ ಅವರು ಇದರ ಮೇಲೆ ಪ್ರಬಂಧವನ್ನೇ ಬರೆದರು. ಇವತ್ತಿನ ಚಿಕಿತ್ಸೆ ಕೂಡ ಅಲ್ಲಿಂದ ಮುಂದೆ ಹೋಗಿಲ್ಲ, ಜೀವನಪೂರ್ತಿ ಗ್ಲುಟೆನ್ ಬಿಡುವುದು, ಅಷ್ಟೇ.

ಲಕ್ಷಣ ಅಂದರೆ ಬರೀ ಭೇದಿ, ಹೊಟ್ಟೆ ಉಬ್ಬರ ಅಂದುಕೊಳ್ಳಬೇಡಿ. ಎಷ್ಟು ಮಾತ್ರೆ ನುಂಗಿದರೂ ಏರದ ರಕ್ತಹೀನತೆ, ವಯಸ್ಸಿಗೆ ತಕ್ಕ ಎತ್ತರ ಬಾರದ ಮಕ್ಕಳು, ಸಣ್ಣ ವಯಸ್ಸಿಗೇ ಮೂಳೆ ಸವೆತ, ಮೊಣಕೈ, ಮೊಣಕಾಲಲ್ಲಿ ತುರಿಸುವ ಗುಳ್ಳೆ, ಬಾಯಲ್ಲಿ ಮತ್ತೆ ಮತ್ತೆ ಹುಣ್ಣು, ಮತ್ತೆ ಮತ್ತೆ ಗರ್ಭಪಾತ, ಇವೂ ಇರಬಹುದು. ಅಕ್ಕನ ಮಗಳಿಗೆ ಹೊಟ್ಟೆಯ ತೊಂದರೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹಿಮೋಗ್ಲೋಬಿನ್ ಏಳರಿಂದ ಮೇಲೇಳುತ್ತಿರಲಿಲ್ಲ. ವರ್ಷಗಟ್ಟಲೆ ಕಬ್ಬಿಣದ ಮಾತ್ರೆ, ಬೀಟ್‌ರೂಟು, ಖರ್ಜೂರ. ಮುಟ್ಟಿನಿಂದ ಹೀಗೆ, ಊಟ ಸರಿ ಮಾಡುವುದಿಲ್ಲ ಅದಕ್ಕೆ ಹೀಗೆ ಅಂತ ಮನೆಯವರೂ ಅವಳನ್ನೇ ಬೈದರು. ಮಾತ್ರೆ ಹೀರಿಕೊಳ್ಳುವ ಕರುಳೇ ಹಾಳಾಗಿದ್ದರೆ ಅವಳೇನು ಮಾಡಬೇಕಿತ್ತು?

ಇದು ಉತ್ತರ ಭಾರತದವರ ಕಾಯಿಲೆ ಅನ್ನುವ ಮಾತು ಇದೆ. ಅದರಲ್ಲಿ ಅರ್ಧ ನಿಜ ಇದೆ. ಹರಿಯಾಣ, ಅಸ್ಸಾಂ ಮತ್ತು ತಮಿಳುನಾಡಿನಲ್ಲಿ 23,000ಕ್ಕೂ ಹೆಚ್ಚು ವಯಸ್ಕರನ್ನು ಸೇರಿಸಿಕೊಂಡ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರದಲ್ಲಿ ನೂರಕ್ಕೆ 1.23 ಜನರಿಗೆ, ಈಶಾನ್ಯದಲ್ಲಿ 0.87 ಜನರಿಗೆ, ದಕ್ಷಿಣದಲ್ಲಿ 0.10 ಜನರಿಗೆ ಸೀಲಿಯಾಕ್ ರಕ್ತ ಪರೀಕ್ಷೆ ಪಾಸಿಟಿವ್ ಬಂತು. ನಮ್ಮ ಕಡೆ ಅಂಥವರು ಸಾವಿರಕ್ಕೆ ಒಬ್ಬರು ಅಂತಾಯಿತು. ಆದರೆ ಈ ಕಾಯಿಲೆಗೆ ಬೇಕಾದ ಜೀನ್ ಇದ್ದವರ ಪ್ರಮಾಣ ಮೂರೂ ಕಡೆ ಸುಮಾರು ಒಂದೇ, ಮೂವರಲ್ಲಿ ಒಬ್ಬರಿಗೆ. ದೊಡ್ಡ ವ್ಯತ್ಯಾಸ ಇದ್ದದ್ದು ದಿನಕ್ಕೆ ತಿನ್ನುವ ಗೋಧಿಯಲ್ಲಿ. ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ, ಬಹಳ ಜನರಿಗೆ ಯಾವತ್ತೂ ಬರುವುದಿಲ್ಲ. ಆದರೂ ಬೆಳಿಗ್ಗೆ ಪಾವ್‌-ಭಾಜಿ, ಸಂಜೆ ಗೋಬಿ, ರಾತ್ರಿ ಚಪಾತಿ ಅನ್ನುವ ಈಗಿನ ರೂಢಿಯಲ್ಲಿ ‘ನಮಗೆಲ್ಲ ಅದು ಬರಲ್ಲ’ ಅಂತ ಸುಮ್ನೆ ಕೂರುವ ಹಾಗಿಲ್ಲ.

ಎರಡನೆಯವರು ಗೋಧಿ ಅಲರ್ಜಿ ಇದ್ದವರು. ತಿಂದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು, ತುಟಿ ಊದಿಕೊಳ್ಳುವುದು, ಉಸಿರು ಕಟ್ಟುವುದು. ಇದು ಬೇರೆಯೇ ಕಾಯಿಲೆ, ಇದರ ಪರೀಕ್ಷೆಯೂ ಬೇರೆ. ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಓಡಬೇಕು.

ಮೂರನೆಯ ಗುಂಪು ದೊಡ್ಡದು, ಗೊಂದಲವೂ ಇಲ್ಲೇ ಜಾಸ್ತಿ. ಪರೀಕ್ಷೆಯಲ್ಲಿ ಏನೂ ಇಲ್ಲ, ಆದರೆ ಚಪಾತಿ ತಿಂದರೆ ಹೊಟ್ಟೆ ಉಬ್ಬುತ್ತದೆ. ಇವರು ಸುಳ್ಳು ಹೇಳುತ್ತಿಲ್ಲ, ಹೊಟ್ಟೆ ನಿಜವಾಗಿಯೇ ಉಬ್ಬುತ್ತದೆ. ಆದರೆ ಕಾರಣ ಗ್ಲುಟೆನ್ನೇ ಅಂತ ಹೇಳಲು ಬರುವುದಿಲ್ಲ. ನಾರ್ವೆಯಲ್ಲಿ, ತಾವಾಗಿಯೇ ಗ್ಲುಟೆನ್ ಬಿಟ್ಟಿದ್ದ 59 ಜನರಿಗೆ ಒಂದೇ ಥರ ಕಾಣುವ ಮೂರು ಬಗೆಯ ತಿಂಡಿ ಕೊಟ್ಟರು. ಒಂದರಲ್ಲಿ ಗ್ಲುಟೆನ್, ಒಂದರಲ್ಲಿ ಫ್ರುಕ್ಟಾನ್, ಒಂದರಲ್ಲಿ ಎರಡೂ ಇಲ್ಲ. ಯಾವಾಗ ಯಾವುದು ತಿನ್ನುತ್ತಿದ್ದೇವೆ ಅಂತ ತಿನ್ನುವವರಿಗೆ ಗೊತ್ತಿರಲಿಲ್ಲ. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ತೊಂದರೆ ಹೆಚ್ಚು ಕೊಟ್ಟದ್ದು ಫ್ರುಕ್ಟಾನ್. ಗ್ಲುಟೆನ್ನಿಗೂ, ಏನೂ ಇಲ್ಲದ ತಿಂಡಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಫ್ರುಕ್ಟಾನ್ ಅನ್ನುವುದು ಗೋಧಿಯಲ್ಲಿರುವ ಒಂದು ಬಗೆಯ ಕಾರ್ಬೋಹೈಡ್ರೇಟು. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದು ಬೇಕಾದಷ್ಟಿದೆ. ಹೀಗಿರುವಾಗ ಚಪಾತಿ ಬಿಟ್ಟು ಈರುಳ್ಳಿ ಬಜೆ ತಿಂದವರ ಹೊಟ್ಟೆ ಯಾಕೆ ಸರಿಹೋಗುವುದಿಲ್ಲ ಅಂತ ಕೇಳಬೇಕಾಗಿಲ್ಲ, ಅಲ್ವಾ?

ಪರೀಕ್ಷೆಯ ಕ್ರಮ

ಅನುಮಾನ ಇದ್ದರೆ ಡಾಕ್ಟರ ಹತ್ತಿರ ಟಿಟಿಜಿ ಐಜಿಎ ಅನ್ನುವ ರಕ್ತ ಪರೀಕ್ಷೆ ಬರೆಸಿಕೊಳ್ಳಿ. ಜೊತೆಗೆ ಒಟ್ಟು ಐಜಿಎ (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಒಂದು ಬಗೆಯ ಪ್ರೋಟೀನು) ಎಷ್ಟಿದೆ ಅಂತಲೂ ನೋಡಿಸಬೇಕು. ಕೆಲವರ ದೇಹದಲ್ಲಿ ಐಜಿಎ ಹುಟ್ಟಿನಿಂದಲೇ ಕಮ್ಮಿ ಇರುತ್ತದೆ, ಅಂಥವರಲ್ಲಿ ಕಾಯಿಲೆ ಇದ್ದರೂ ಮೊದಲ ಪರೀಕ್ಷೆ ನೆಗೆಟಿವ್ ಬರಬಹುದು. ರಕ್ತ ಪರೀಕ್ಷೆ ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡುತ್ತಾರೆ. ಇದಕ್ಕೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗಬೇಕಾಗಿ ಬರಬಹುದು, ಒಂದು ದಿನದ ಕೆಲಸ ಹಾಳು, ನಿಜ. ಆದರೆ ಜೀವನಪೂರ್ತಿ ಒಂದು ಪಥ್ಯ ಮಾಡಬೇಕಾದಾಗ ಅದು ಖಂಡಿತ ಬೇಕಾ ಅಂತ ಗೊತ್ತುಮಾಡಿಕೊಳ್ಳಲು ಒಂದು ದಿನ ಜಾಸ್ತಿ ಏನಲ್ಲ.

ಈಗ ಆ ಮೊದಲ ಮಾತಿಗೆ ಬರುತ್ತೇನೆ. ಈ ಪರೀಕ್ಷೆ ಅಳೆಯುವುದು ಗ್ಲುಟೆನ್ ತಿಂದಾಗ ದೇಹ ತೋರಿಸುವ ಸಿಟ್ಟನ್ನು. ಗ್ಲುಟೆನ್ನೇ ತಿನ್ನದಿದ್ದರೆ ಆ ಸಿಟ್ಟು ಇಳಿಯುತ್ತದೆ, ಕರುಳು ಗುಣವಾಗುತ್ತಾ ಬರುತ್ತದೆ, ರಿಪೋರ್ಟ್ ನೆಗೆಟಿವ್ ಬರುತ್ತದೆ. ಆಮೇಲೆ ನಿಮಗೆ ಕಾಯಿಲೆ ಇದೆಯೋ ಇಲ್ಲವೋ ಯಾರಿಗೂ ಹೇಳಲು ಆಗುವುದಿಲ್ಲ. ಪರೀಕ್ಷೆ ಬೇಕೆಂದರೆ ಮತ್ತೆ ವಾರಗಟ್ಟಲೆ ಗೋಧಿ ತಿಂದು ನರಳಬೇಕು. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ, ಪರೀಕ್ಷೆಗೆ ಮೊದಲು ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟೆನ್ ಇರಬೇಕು ಅಂತ ಇದೆ. ನಮ್ಮಂಥ ಅನ್ನ ಉಣ್ಣುವವರು ಇದನ್ನು ಗಮನಿಸಬೇಕು. ವಾರಕ್ಕೊಮ್ಮೆ ಮಾತ್ರ ಚಪಾತಿ ತಿನ್ನುವ ಮನೆಯಾದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಎಷ್ಟು ದಿನ, ಎಷ್ಟು ತಿಂದು ಬರಬೇಕು ಅಂತ ಅವರೇ ಹೇಳುತ್ತಾರೆ. ಗೋಧಿ ಅಲರ್ಜಿ ಇದೆ ಅಂತ ಅನುಮಾನ ಇದ್ದವರು ಮಾತ್ರ ಇದನ್ನು ಮನೆಯಲ್ಲಿ ತಾವಾಗಿ ಮಾಡಬಾರದು.

ಸಾವಿರಾರು ರೂಪಾಯಿ ತೆಗೆದುಕೊಂಡು ನೂರಾರು ಆಹಾರಗಳ ಪಟ್ಟಿಗೆ ಕೆಂಪು, ಹಸಿರು ಬಣ್ಣ ಹಚ್ಚಿ ಕೊಡುವ ‘ಫುಡ್ ಇನ್‌ಟಾಲರೆನ್ಸ್’ ಪರೀಕ್ಷೆಗಳಿವೆ. ಅವು ನೋಡುವುದು ಐಜಿಜಿ ಅನ್ನುವ, ಅದೇ ಜಾತಿಯ ಬೇರೊಂದು ಪ್ರೋಟೀನನ್ನು. ನೀವು ದಿನಾ ತಿನ್ನುವ ಆಹಾರಕ್ಕೆ ಐಜಿಜಿ ಇರುವುದು ಸಹಜ. ಅಲರ್ಜಿ ತಜ್ಞರ ಸಂಘಗಳೇ ಇದನ್ನು ಮಾಡಿಸಬೇಡಿ ಅಂತ ಹೇಳಿವೆ. ಆ ದುಡ್ಡಲ್ಲಿ ಒಳ್ಳೆಯ ಇಸ್ವಾಣ ಮೀನು ತಂದು ತಿನ್ನಿ.

ಪರೀಕ್ಷೆ ಸರಿಯಾಗಿ ಆಗಿ, ನೆಗೆಟಿವ್ ಬಂದು, ಆದರೂ ಹೊಟ್ಟೆ ಕಾಡುತ್ತಿದ್ದರೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ತೊಂದರೆಯಾಯಿತು ಅಂತ ಎರಡು ವಾರ ಬರೆಯಿರಿ. ಹಾಲು, ಈರುಳ್ಳಿ, ಬೆಳ್ಳುಳ್ಳಿ, ಕಾಳು, ಎಣ್ಣೆತಿಂಡಿ, ಹೊತ್ತು ಮೀರಿದ ಊಟ ಎಲ್ಲವನ್ನೂ ಅನುಮಾನದಲ್ಲಿ ಇಡಿ. ಒಂದು ಸಲಕ್ಕೆ ಒಂದನ್ನೇ ಬಿಟ್ಟು ನೋಡಿ, ಆಮೇಲೆ ಅದನ್ನು ವಾಪಸ್ ತಿಂದು ನೋಡಿ. ಈ ವಾಪಸ್ ತಿನ್ನುವ ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ಅದಿಲ್ಲದೆ ಏನೂ ಗೊತ್ತಾಗುವುದಿಲ್ಲ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಇದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ನೋಟ್‌ಬುಕ್ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ.

ಕೇಳಿಬರುವ ಮಾತುಗಳು

‘ಗ್ಲುಟೆನ್ ಬಿಟ್ಟರೆ ತೂಕ ಇಳಿಯುತ್ತದೆ.’ ಬೇಕರಿ ತಿಂಡಿ, ಪರೋಟ, ಬಿಸ್ಕಿಟ್ಟು, ನೂಡಲ್ಸು ಬಿಟ್ಟರೆ ಯಾರ ತೂಕವಾದರೂ ಇಳಿಯುತ್ತದೆ. ಅದರ ಬದಲು ಗ್ಲುಟೆನ್ ಫ್ರೀ ಕುಕ್ಕೀಸು ತಿಂದರೆ ಇಳಿಯುವುದಿಲ್ಲ. ಅಂಥ ತಿಂಡಿಗಳಲ್ಲಿ ಸಾಮಾನ್ಯವಾಗಿ ನಾರು, ಪ್ರೋಟೀನು ಕಮ್ಮಿ. ಅಕ್ಕಿ ಹಿಟ್ಟು, ಮರಗೆಣಸಿನ ಪಿಷ್ಟ, ಸಕ್ಕರೆ, ಎಣ್ಣೆ ಸೇರಿಸಿ ಮಾಡಿರುತ್ತಾರೆ. ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ.

‘ಹೃದಯಕ್ಕೆ ಒಳ್ಳೆಯದು.’ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಇಪ್ಪತ್ತಾರು ವರ್ಷಗಳ ಊಟದ ಲೆಕ್ಕ ನೋಡಿದ ಅಧ್ಯಯನ 2017ರಲ್ಲಿ ಬಂತು. ಗ್ಲುಟೆನ್ ಕಮ್ಮಿ ತಿಂದವರಿಗೆ ಹೃದಯದ ಕಾಯಿಲೆ ಕಮ್ಮಿಯಾಗಿದ್ದು ಕಾಣಲಿಲ್ಲ. ಸುಮ್ಮನೆ ಗ್ಲುಟೆನ್ ಬಿಡುವವರು ಅದರ ಜೊತೆ ಇಡೀ ಧಾನ್ಯವನ್ನೂ ಬಿಟ್ಟು ನಷ್ಟ ಮಾಡಿಕೊಳ್ಳಬಹುದು ಅಂತ ಅವರೇ ಎಚ್ಚರಿಸಿದರು.

ಶುಗರ್ ವಿಷಯ ನಮ್ಮ ಕರಾವಳಿಗೆ ಬಹಳ ಮುಖ್ಯ. ಚಪಾತಿ ಬಿಟ್ಟು ಆ ಜಾಗದಲ್ಲಿ ಮೂರು ದೋಸೆಯೋ, ಒಂದು ಗುಡ್ಡೆ ಬೆಳ್ತಿಗೆ ಅನ್ನವೋ ಬಂದರೆ ಸಕ್ಕರೆ ಏರುತ್ತದೆ, ಅದು ಗ್ಲುಟೆನ್ ಫ್ರೀ ಆದರೇನು. ಹಾಗಂತ ಚಪಾತಿಯೂ ಔಷಧಿಯಲ್ಲ, ನಾಲ್ಕೈದು ತಿಂದರೆ ಅದರಿಂದಲೂ ಏರುತ್ತದೆ. ಅನ್ನವಾಗಲಿ ಚಪಾತಿಯಾಗಲಿ ಅರ್ಧಕ್ಕೆ ಇಳಿಸಿ, ಆ ಜಾಗಕ್ಕೆ ಪಲ್ಯ, ಬೇಳೆ, ಮೀನು ಹಾಕಿಕೊಳ್ಳುವುದು ಕೆಲಸಕ್ಕೆ ಬರುವ ಉಪಾಯ. ಅಕ್ಕಿಯೇ ಬೇಕೆಂದರೆ ಪಾಲಿಶ್ ಮಾಡಿದ ಬಿಳಿ ಅಕ್ಕಿಗಿಂತ ಕುಚ್ಚಲಕ್ಕಿ ಮೇಲು. ಭತ್ತವನ್ನು ಕುದಿಸುವಾಗ ತವುಡಿನಲ್ಲಿರುವ ಬಿ ವಿಟಮಿನ್ನು ಕಾಳಿನ ಒಳಗೆ ಇಳಿಯುತ್ತದೆ.

ಥೈರಾಯ್ಡ್ ಇದ್ದವರೆಲ್ಲ ಗೋಧಿ ಬಿಡಬೇಕು ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆದರೆ ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಬಗೆಯ ಕಾಯಿಲೆ ಇದ್ದವರಲ್ಲಿ, ಚಿಕ್ಕಂದಿನಲ್ಲೇ ಬರುವ ಟೈಪ್ 1 ಶುಗರ್ ಇದ್ದವರಲ್ಲಿ ಸೀಲಿಯಾಕ್ ಇರುವ ಸಾಧ್ಯತೆ ಹೆಚ್ಚು. ಅವರು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಪಿಸಿಓಡಿಗೂ (ಹೆಂಗಸರ ಅಂಡಾಶಯದ ಹಾರ್ಮೋನ್ ತೊಂದರೆ) ಗ್ಲುಟೆನ್ ಬಿಡಿಸುತ್ತಾರೆ, ಅದಕ್ಕೂ ಆಧಾರ ಇಲ್ಲ.

‘ಈಗಿನ ಗೋಧಿ ಕುಲಾಂತರಿ, ಹಳೆಯ ಖಪ್ಲಿ ಗೋಧಿಯಲ್ಲಿ ಗ್ಲುಟೆನ್ ಇಲ್ಲ.’ ಎರಡೂ ಸುಳ್ಳು. ಭಾರತದಲ್ಲಿ ಕುಲಾಂತರಿ ಗೋಧಿ ಬೆಳೆಯಲು ಅನುಮತಿ ಇಲ್ಲ. ಖಪ್ಲಿ ಒಳ್ಳೆಯ ಗೋಧಿ, ರುಚಿಯೂ ಇದೆ, ತಿನ್ನಬಹುದಾದವರು ತಿನ್ನಿ. ಆದರೆ ಅದು ಗೋಧಿಯೇ, ಅದರಲ್ಲಿ ಗ್ಲುಟೆನ್ ಇದ್ದೇ ಇದೆ. ಸೀಲಿಯಾಕ್ ಇದ್ದವರಿಗೆ ಇದನ್ನು ‘ಸೇಫ್’ ಅಂತ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸೀಲಿಯಾಕ್ ಖಚಿತವಾದರೆ, ನಮ್ಮ ಅಡುಗೆಮನೆಯಲ್ಲಿ

ಒಂದು ಚಪಾತಿಯಲ್ಲಿ ಸುಮಾರು ಎರಡರಿಂದ ಮೂರು ಗ್ರಾಂ ಗ್ಲುಟೆನ್ ಇರುತ್ತದೆ. ಇಟಲಿಯಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಸೀಲಿಯಾಕ್ ಇದ್ದವರಿಗೆ ದಿನಕ್ಕೆ ಬರೀ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಕೊಟ್ಟಾಗಲೇ ಕರುಳಿಗೆ ಪೆಟ್ಟಾಯಿತು. ಅಂದರೆ ಚಪಾತಿಯ ಐವತ್ತನೇ ಒಂದು ಭಾಗ, ಒಂದು ಚಿವುಟು. ‘ಸ್ವಲ್ಪ ತಿಂದರೆ ಏನಾಗಲ್ಲ’ ಅನ್ನುವವರಿಗೆ ಈ ಲೆಕ್ಕ ಹೇಳಿ. ತಿಂದ ಕೂಡಲೇ ಹೊರಗೆ ಏನೂ ಕಾಣದೆಯೂ ಇರಬಹುದು, ಒಳಗೆ ಹಾನಿ ಆಗುತ್ತಿರುತ್ತದೆ.

ಅನ್ನ ಉಣ್ಣುವ ಊರಲ್ಲಿ ಇದೇನು ಕಷ್ಟ ಅಂತ ಅನ್ನಿಸುತ್ತದೆ. ದೊಡ್ಡ ಅನುಕೂಲ ಇದೆ, ನಿಜ. ಆದರೆ ಗೋಧಿ ನಮ್ಮಲ್ಲಿ ಅಡಗಿ ಕೂತಿರುತ್ತದೆ.

ಮೊದಲು ಇಂಗಿನ ಡಬ್ಬಿ ತೆಗೆಯಿರಿ. ಹಿಂದೆ ಬರೆದದ್ದನ್ನು ಓದಿ. ಶುದ್ಧ ಇಂಗು ತೀರಾ ಖಾರ, ಹಾಗೇ ಬಳಸಲು ಆಗುವುದಿಲ್ಲ. ಅದಕ್ಕೆ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ಆ ಹಿಟ್ಟು ಬಹಳ ಸಲ ಗೋಧಿಯದು ಅಥವಾ ಮೈದಾ. ಸಿರ್ಸಿ ಕಡೆಯ ಮನೆಯಲ್ಲಿ ಅಪ್ಪೆಹುಳಿಗೆ, ಸಾರಿಗೆ, ಉಪ್ಪಿನಕಾಯಿಗೆ, ಮಜ್ಜಿಗೆಗೆ ಕೂಡ ಇಂಗು ಬೀಳುತ್ತದೆ. ಪೂರ್ತಿ ಅಕ್ಕಿಯ ಊಟ ಮಾಡಿಯೂ ದಿನಕ್ಕೆ ಮೂರು ಹೊತ್ತು ಗೋಧಿ ಹೊಟ್ಟೆಗೆ ಹೋಗಲು ಇಷ್ಟು ಸಾಕು. ಅಕ್ಕ ಎಲ್ಲ ಬಿಡಿಸಿದ ಮೇಲೂ ಮಗಳ ಟಿಟಿಜಿ ಇಳಿಯದೆ ಇದ್ದಾಗ ಕೊನೆಗೆ ಸಿಕ್ಕಿದ್ದು ಇಂಗು. ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್ ಫ್ರೀ ಅಂತ ಬರೆದ ಇಂಗು ಸಿಗುತ್ತದೆ. ಲೇಬಲ್ಲಿಗೆ ದುಡ್ಡು ಕೊಡಬೇಕಾದ ಜಾಗ ಇದು. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ, ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಆ ಹೆಸರು ಹಾಕುವಂತಿಲ್ಲ.

ಎರಡನೆಯದು ಗಿರಣಿ. ನಿಮ್ಮ ಮುಂದಿನವರು ಐದು ಕಿಲೋ ಗೋಧಿ ಬೀಸಿಸಿದ ಕಲ್ಲಲ್ಲೇ ನಿಮ್ಮ ಅಕ್ಕಿ ಬೀಳುತ್ತದೆ. ಮೊದಲು ಬರುವ ಹಿಟ್ಟಿನಲ್ಲಿ ಗೋಧಿ ಇರುತ್ತದೆ. ಗಿರಣಿಯವರು ಮುಂಚೆ ಒಂದಿಷ್ಟು ಅಕ್ಕಿ ಹಾಕಿ ತೆಗೆದರೂ ಪೂರ್ತಿ ಹೋಗುವುದಿಲ್ಲ. ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ, ಮನೆಯ ಮಿಕ್ಸಿಯಲ್ಲೇ ಬೀಸಿ ಜರಡಿ ಹಿಡಿಯಿರಿ. ರಾಗಿಯೂ ಹಾಗೇ. ದೋಸೆ ಹಿಟ್ಟಿಗೆ ನೆನೆಸಿ ರುಬ್ಬುವುದಾದರೆ ಈ ಗೋಜೇ ಇಲ್ಲ.

ಕಾವಲಿ ಬೇರೆ ಇಡಿ. ಚಪಾತಿ ಬೇಯಿಸಿದ ಕಬ್ಬಿಣದ ಕಾವಲಿ ಮೇಲೆ ತೆಳ್ಳೇವು ಎರೆಯಬೇಡಿ. ಲಟ್ಟಣಿಗೆ, ಮರದ ಸೌಟು, ಜರಡಿ ಕೂಡ ಬೇರೆ ಬೇಕು. ಸ್ಟೀಲ್ ಪಾತ್ರೆ ಚೆನ್ನಾಗಿ ತೊಳೆದರೆ ಸಾಕು. ಪೂರಿ ಕರಿದ ಎಣ್ಣೆಯಲ್ಲಿ ಹಲಸಿನ ಹಪ್ಪಳ ಕರಿಯಬಾರದು. ಎಣ್ಣೆ ಕಾದರೆ ಗ್ಲುಟೆನ್ ಸುಟ್ಟುಹೋಗುತ್ತದೆ ಅನ್ನುವುದು ತಪ್ಪು.

ಕಾರವಾರದ ಕಡೆಯವರಿಗೆ ದೊಡ್ಡ ಸಂಕಟ ಮೀನು. ಬಂಗಡೆಯಾಗಲಿ ಇಸ್ವಾಣವಾಗಲಿ ಮೇಲೆ ರವೆ ಹಚ್ಚಿಯೇ ಕಾಯಿಸುವುದು ನಮ್ಮ ಪದ್ಧತಿ, ಆ ರವೆ ಗೋಧಿಯದು. ಮನೆಯಲ್ಲಿ ಇದಕ್ಕೆ ಪರಿಹಾರ ಸುಲಭ. ಮೆಣಸು, ಅರಿಶಿನ, ಹುಳಿ ಹಚ್ಚಿದ ಮೀನನ್ನು ಇಡ್ಲಿ ರವೆ ಅಥವಾ ಮಿಕ್ಸಿಯಲ್ಲಿ ತರಿ ತರಿಯಾಗಿ ಬೀಸಿದ ಅಕ್ಕಿಯಲ್ಲಿ ಹೊರಳಿಸಿ ಕಾಯಿಸಿ. ಗರಿಗರಿಯಾಗಿಯೇ ಬರುತ್ತದೆ, ನಮ್ಮ ಮನೆಯಲ್ಲಿ ಈಗ ಎಲ್ಲರಿಗೂ ಹೀಗೇ ಮಾಡುತ್ತೇವೆ. ಹೋಟೆಲ್ಲಿನಲ್ಲಿ ಮಾತ್ರ ‘ರವೆ ಬೇಡ’ ಅಂದರೆ ಸಾಲದು, ಅದೇ ಕಾವಲಿ, ಅದೇ ಎಣ್ಣೆ. ಅನ್ನ, ಮೀನು ಸಾರು, ಸೋಲ್ ಕಡಿ ತೆಗೆದುಕೊಳ್ಳಿ, ಸಾರಿಗೆ ಹಿಟ್ಟು ಹಾಕಿದ್ದಾರಾ ಅಂತ ಕೇಳಿ. ಗೋಬಿ ಮಂಚೂರಿಯ ಹತ್ತಿರ ಹೋಗಲೇಬೇಡಿ. ಹೊರಗೆ ಮೈದಾ, ಒಳಗೆ ಸೋಯಾ ಸಾಸು, ಆ ಸಾಸಿಗೂ ಸಾಮಾನ್ಯವಾಗಿ ಗೋಧಿ ಬಳಸುತ್ತಾರೆ. ಹಾಲಿಗೆ ಹಾಕುವ ಮಾಲ್ಟ್ ಪುಡಿ ಬಾರ್ಲಿಯದು. ಓಟ್ಸು ತಯಾರಾಗುವಾಗಲೇ ಗೋಧಿ ಸೇರಿಕೊಳ್ಳುತ್ತದೆ, ಗ್ಲುಟೆನ್ ಫ್ರೀ ಅಂತ ಬರೆದದ್ದನ್ನೂ ಡಾಕ್ಟರಿಗೆ ಕೇಳಿಯೇ ಶುರು ಮಾಡಿ.

ಮದುವೆ, ಮುಂಜಿ, ದೇವಸ್ಥಾನದ ಊಟಕ್ಕೆ ಹೋಗುವಾಗ ಅಡುಗೆ ಭಟ್ಟರಿಗೆ ಹಿಂದಿನ ದಿನವೇ ಫೋನ್ ಮಾಡಿ. ‘ಗ್ಲುಟೆನ್’ ಅನ್ನಬೇಡಿ, ಅದು ಯಾರಿಗೂ ಅರ್ಥವಾಗುವುದಿಲ್ಲ. ‘ಗೋಧಿ, ಮೈದಾ, ರವೆ ತಾಗಬಾರದು, ಇಂಗು ಹಾಕುವ ಮೊದಲು ಒಂದು ಪಾತ್ರೆಯಲ್ಲಿ ಸಾರು, ಪಲ್ಯ ತೆಗೆದಿಡಿ, ಕರುಳಿನ ಕಾಯಿಲೆ ಇದೆ’ ಅನ್ನಿ. ಹೀಗೆ ಹೇಳಿದರೆ ಬಹಳ ಭಟ್ಟರು ಪ್ರೀತಿಯಿಂದ ಮಾಡಿಕೊಡುತ್ತಾರೆ. ಪಾಯಸ ಶಾವಿಗೆಯದಾ ಕಡಲೆಬೇಳೆಯದಾ ಕೇಳಿಕೊಳ್ಳಿ. ಪಂಕ್ತಿಯಲ್ಲಿ ಕೊನೆಯಲ್ಲಿ ಕೂರುವುದಕ್ಕಿಂತ ಮೊದಲು ಕೂರುವುದು ಒಳ್ಳೆಯದು. ಆಗ ಸೌಟುಗಳು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗಿರುವುದಿಲ್ಲ.

ಪಥ್ಯ ಶುರುವಾದ ಮೇಲೆ ಆರು ತಿಂಗಳಿಗೆ ಮತ್ತು ವರ್ಷಕ್ಕೆ ಟಿಟಿಜಿ ಮತ್ತೆ ನೋಡಿಸಬೇಕು. ಹಿಮೋಗ್ಲೋಬಿನ್, ಕಬ್ಬಿಣ, ಬಿ12, ವಿಟಮಿನ್ ಡಿ ನೋಡಿಸಬೇಕು. ದೊಡ್ಡವರಿಗೆ ಮೂಳೆಯ ಸಾಂದ್ರತೆಯೂ ಬೇಕಾಗಬಹುದು. ಸುಸ್ತು, ಹೊಟ್ಟೆಯ ತೊಂದರೆ ಕೆಲವು ವಾರಗಳಲ್ಲೇ ಕಮ್ಮಿಯಾಗಬಹುದು, ಕರುಳು ಪೂರ್ತಿ ಗುಣವಾಗಲು ದೊಡ್ಡವರಿಗೆ ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಹಿಡಿಯಬಹುದು. ಚೆನ್ನಾಗಿದ್ದೇನೆ ಅಂತ ಮತ್ತೆ ತಿನ್ನಲು ಶುರು ಮಾಡಿದರೆ ಎಲ್ಲ ಮೊದಲಿಗೇ ಬರುತ್ತದೆ.

ಇನ್ನೊಂದು ಕೆಲಸವನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಮಾಡುವುದಿಲ್ಲ. ಒಬ್ಬರಿಗೆ ಸೀಲಿಯಾಕ್ ಇದ್ದರೆ ಅವರ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುವ ಸಾಧ್ಯತೆ ಇದೆ. ಯಾವ ಲಕ್ಷಣ ಇಲ್ಲದಿದ್ದರೂ ಅವರೆಲ್ಲ ರಕ್ತ ಕೊಡಬೇಕು. ನಮ್ಮಲ್ಲಿ ಎಲ್ಲರೂ ಕೊಟ್ಟಾಗ ಪಾಸಿಟಿವ್ ಬಂದದ್ದು ಹುಡುಗಿಯ ತಮ್ಮನಿಗೆ. ಕ್ರಿಕೆಟ್ ಆಡಿಕೊಂಡು ಗಟ್ಟಿಮುಟ್ಟಾಗಿದ್ದ ಹುಡುಗ, ಯಾರೂ ಅನುಮಾನ ಪಟ್ಟಿರಲಿಲ್ಲ. ನನ್ನ ಅಕ್ಕ ಒಳ್ಳೆಯದಾಗಲಿ ಅಂತ ಅವನಿಗೂ ಆಗಲೇ ಚಪಾತಿ ನಿಲ್ಲಿಸಲು ಹೊರಟಿದ್ದಳು. ಡಾಕ್ಟರು ಎಂಡೋಸ್ಕೋಪಿ ಆಗುವವರೆಗೆ ದಿನಾ ಪಾವ್, ಚಪಾತಿ ತಿನ್ನಲಿ ಅಂದರು, ಹಾಗೇ ಮಾಡಿಸಿದೆವು. ನಿಮ್ಮ ಮನೆಯಲ್ಲೂ ರಿಪೋರ್ಟ್ ಕೈಗೆ ಬಂದು, ಡಾಕ್ಟರು ಬಿಡಿ ಅನ್ನುವ ದಿನದವರೆಗೆ ಗೋಧಿ ಡಬ್ಬಿ ಅಲ್ಲೇ ಇರಲಿ.